ಮೂರೂವರೆ ನಂಬರಿನ ರೀಡು

ಬೀದಿಯಿಂದ ಕೆಲವು ಮೆಟ್ಟಿಲು ಇಳಿದರೆ ಆ ಅಂಗಡಿ. ಒಂದು ಪಕ್ಕದಲ್ಲಿ ಹೊಲಿಗೆ ಯಂತ್ರ ರಿಪೇರಿಯವನು, ಇನ್ನೊಂದು ಪಕ್ಕದಲ್ಲಿ ಬೀಗದ ಕೈ ಮಾಡುವವನು. ನಡುವಿನ ಉದ್ದನೆಯ ಕೋಣೆಯ ಕಿಟಕಿಯಲ್ಲಿ ದಾರಿಹೋಕರ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ ಕಾಣುತ್ತಿತ್ತು. ಅಲ್ಲಿ ಕೂತು ಕ್ಲಾರಿನೆಟ್ ರಿಪೇರಿ ಮಾಡುತ್ತಿದ್ದ ಹೆಂಗಸನ್ನು ವಾದ್ಯದವರೆಲ್ಲ ಕಡ್ಡಿ ಎಂದು ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಸಣಕಲಾಗಿದ್ದಳೆಂದು ಅವಳ ಅಕ್ಕ ಇಟ್ಟ ಹೆಸರು ಅದು. ದೊಡ್ಡವಳಾದ ಮೇಲೆ ಮೈ ತುಂಬಿಕೊಂಡಿತು, ಆದರೆ ಮಾತು ಮಾತ್ರ ಕಡ್ಡಿ ಮುರಿದ ಹಾಗೆ ಇತ್ತಾದ್ದರಿಂದ ಹೆಸರು ಹಾಗೇ ಉಳಿಯಿತು.

ತಮ್ಮ ಬಗ್ಗೆ ತಮಗಿದ್ದ ಅಭಿಪ್ರಾಯವನ್ನು ಇಡಿಯಾಗಿ ಉಳಿಸಿಕೊಂಡು ಆ ಮೆಟ್ಟಿಲು ಹತ್ತಿ ಹೋದವರು ಕಡಿಮೆ. ಒಂದು ದಿನ ಔಷಧಿ ಅಂಗಡಿಯವನೊಬ್ಬ ಬಂದ. ಸಂಜೆ ಹೊತ್ತು ಹವ್ಯಾಸಕ್ಕೆ ಊದುವವನು. ಗಾಜಿನ ಪೆಟ್ಟಿಗೆಯಲ್ಲಿದ್ದ ಮೌತ್‌ಪೀಸುಗಳಲ್ಲಿ ಎಲ್ಲಕ್ಕಿಂತ ಬಾಯಿ ಅಗಲವಾದದ್ದನ್ನು ಆರಿಸಿ, ಅದಕ್ಕೆ ನಾಲ್ಕು ನಂಬರಿನ ರೀಡು ಕೊಡಿ ಎಂದ.

"ಇದರ ಸಂದು ನೋಡಿದ್ರಾ? ನನ್ನ ಉಗುರು ಹೋಗುತ್ತೆ ಒಳಗೆ. ಇದಕ್ಕೆ ನಾಲ್ಕು ಕಟ್ಟಿದ್ರೆ ನೀವೊಬ್ಬರೇ ಊದಿದ್ರೆ ಸಾಲದು, ನಿಮ್ಮಜ್ಜನೂ ಎದ್ದು ಬಂದು ಕೈ ಹಾಕ್ಬೇಕು."

"ದೊಡ್ಡ ದೊಡ್ಡವರೆಲ್ಲ ನಾಲ್ಕೇ ಉಪಯೋಗಿಸ್ತಾರಂತಲ್ಲ."

"ನೀವು ಔಷಧಿ ಕೊಡೋವಾಗ ಪಕ್ಕದ ಮನೆಯವನ ಚೀಟಿ ನೋಡಿ ಕೊಡ್ತೀರಾ?"

ಅವನು ನಕ್ಕ. ಕಡ್ಡಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಮೊದಲು ಬಾಯಿ ತೆರೆಸಿ ಹಲ್ಲು ನೋಡಿದಳು, ಆಮೇಲೆ ತುಟಿ. ಬರಿಯ ಮೌತ್‌ಪೀಸು ಕೊಟ್ಟು ಊದಿಸಿ ಕೇಳಿದಳು. ಕ್ಲಾರಿನೆಟ್ಟಿನ ನಾದ ಹುಟ್ಟುವುದು ಆ ಕರಿಯ ಕೊಕ್ಕಿನಲ್ಲಿ. ಅದರ ಚಪ್ಪಟೆ ಹಾಸಿನ ಮೇಲೆ ಬೆತ್ತದಂಥ ಹುಲ್ಲಿನ ತೆಳುಪಟ್ಟಿಯೊಂದನ್ನು ಕಟ್ಟುತ್ತಾರೆ. ಅದೇ ರೀಡು. ರೀಡಿನ ತುದಿಗೂ ಕೊಕ್ಕಿನ ತುದಿಗೂ ನಡುವೆ ಕೂದಲೆಳೆಯ ಲೆಕ್ಕದ ಒಂದು ಸಂದು ಇರುತ್ತದೆ. ಸಂದು ಅಗಲವಾಗಿದ್ದರೆ ರೀಡು ಮೆತ್ತಗಿರಬೇಕು, ಕಿರಿದಾಗಿದ್ದರೆ ಗಟ್ಟಿ. ಎರಡೂ ಸೇರಿ ಊದುವವನ ತುಟಿಯ ಬಲಕ್ಕೆ ಒಗ್ಗಬೇಕು. ರೀಡಿನ ಮೇಲೆ ಒತ್ತಿರುವ ನಂಬರು ಅದು ಎಷ್ಟು ಗಟ್ಟಿ ಎಂದು ಹೇಳುತ್ತದೆಯೇ ಹೊರತು ಊದುವವನು ಎಷ್ಟು ದೊಡ್ಡವನು ಎಂದಲ್ಲ. ಇಷ್ಟು ಸರಳವಾದ ವಿಷಯ ವಾದ್ಯದವರ ತಲೆಗೆ ಹೋಗುವುದಿಲ್ಲ. ಇಬ್ಬರು ಕ್ಲಾರಿನೆಟ್ಟಿನವರು ಎದುರಾದರೆ ಮೊದಲು ಒಬ್ಬರ ನಂಬರು ಇನ್ನೊಬ್ಬರು ಕೇಳಿಕೊಳ್ಳುತ್ತಾರೆ, ಆಮೇಲೆ ಯೋಗಕ್ಷೇಮ.

ಔಷಧಿ ಅಂಗಡಿಯವನು ಎರಡೂವರೆಯ ಡಬ್ಬಿ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಹೋದ. ಬೀಗದವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಇನ್ನೊಂದು ಗಿರಾಕಿ ಮಾನ ಕಳ್ಕೊಂಡ ಹಾಗಿದೆ?" ಎಂದ.

"ಮಾನ ಹೋದ್ರೆ ಹೋಗ್ಲಿ, ತುಟಿ ಉಳೀತು," ಎಂದಳು ಕಡ್ಡಿ.

ಹೀಗೆ ಮುಖ ನೋಡದೆ ಮಾತಾಡುವವಳು ಒಬ್ಬರ ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಳು. ಆ ಒಬ್ಬರು ಅವಳ ಅಕ್ಕ.

ಅಂಗಡಿ ಅವರ ಅಪ್ಪನದು. ಪುರಸಭೆಯ ವಾದ್ಯವೃಂದದಲ್ಲಿ ಊದುತ್ತ, ಬಿಡುವಿನಲ್ಲಿ ರಿಪೇರಿ ಮಾಡುತ್ತ ಬದುಕಿದವನು. ಇಬ್ಬರು ಹೆಣ್ಣುಮಕ್ಕಳನ್ನೂ ಅಡಿಗೆ ಮನೆಯ ಕುರ್ಚಿಯ ಮೇಲೆ ಕೂರಿಸಿ ಒಂದೇ ಮೌತ್‌ಪೀಸು ಊದಿಸಿದ್ದ. ದೊಡ್ಡವಳ ತುಟಿ ಮೌತ್‌ಪೀಸಿನ ಸುತ್ತ ಸಂಚಿಯ ಬಾಯಿ ಬಿಗಿದ ಹಾಗೆ ಕೂತಿತು. ಚಿಕ್ಕವಳ ಕೆಳಹಲ್ಲು ಸೊಟ್ಟ. ಅಪ್ಪ ಹೆಚ್ಚು ಯೋಚಿಸಲಿಲ್ಲ. "ಅವಳು ಊದಲಿ, ನೀನು ರೀಡು ಕೂರಿಸಿಕೊಡು," ಎಂದ. ಒಂದು ಮಧ್ಯಾಹ್ನದಲ್ಲಿ ಎರಡು ಬದುಕು ತೀರ್ಮಾನವಾದವು. ಚಿಕ್ಕವಳು ಅತ್ತದ್ದು ಯಾರಿಗೂ ನೆನಪಿಲ್ಲ, ಅವಳಿಗೂ ಸರಿಯಾಗಿ ನೆನಪಿಲ್ಲ.

ಅಂದಿನಿಂದ ಅಕ್ಕ ಯಾವತ್ತೂ ಡಬ್ಬಿಯಿಂದ ರೀಡು ತೆಗೆದು ನೇರ ಬಾಯಿಗಿಟ್ಟವಳಲ್ಲ. ಹೊಸ ರೀಡು ಮೊದಲು ತಂಗಿಯ ಕೈಗೆ ಹೋಗಬೇಕು. ತಂಗಿ ಅದನ್ನು ನೆನೆಸಿ, ಒಣಗಿಸಿ, ಗಾಜಿನ ಹಲಗೆಯ ಮೇಲೆ ಹಿಂಬದಿ ಸಮಮಾಡಿ, ಎಡಬಲ ತೂಗಿಸಿ ಕೊಡಬೇಕು. ಅಕ್ಕ ವೃಂದದ ಮೊದಲ ಕ್ಲಾರಿನೆಟ್ಟಿನ ಕುರ್ಚಿಗೆ ಬಂದಾಗಲೂ ಹೀಗೇ, ಮದುವೆಯಾದ ಮೇಲೂ ಹೀಗೇ. ಅವಳ ನಂಬರು ಮೂರೂವರೆ. ಅದು ಅವಳ ಹೆಮ್ಮೆ. "ನಮ್ಮನೇಲಿ ಇಬ್ಬರು," ಎಂದು ಹೇಳುತ್ತಿದ್ದಳು, "ಒಬ್ಬಳು ಕೈ, ಒಬ್ಬಳು ಬಾಯಿ." ಅವಳು ಪ್ರೀತಿಯಿಂದಲೇ ಹೇಳುತ್ತಿದ್ದಳು. ತಂಗಿ ಪ್ರತಿ ಸಲವೂ ಪ್ರೀತಿಯಿಂದಲೇ ಕೇಳಿಸಿಕೊಂಡಳೆಂದು ಹೇಳಲಾರೆವು.

ಆ ವರ್ಷ ವೃಂದಕ್ಕೆ ಹೊಸ ಸಂಚಾಲಕ ಬಂದ. ಚಳಿಗಾಲ ಮುಗಿಯುವುದರೊಳಗೆ ಪ್ರತಿಯೊಬ್ಬರನ್ನೂ ಒಂಟಿಯಾಗಿ ಕೂರಿಸಿ ಕೇಳುತ್ತಾನೆ, ಸಾಲದವರನ್ನು ಹಿಂದಿನ ಸಾಲಿಗೆ ಕಳಿಸುತ್ತಾನೆ ಎಂದು ಸುದ್ದಿಯಾಯಿತು. ಅದೇ ವಾರ ಅಕ್ಕ ಅಂಗಡಿಗೆ ಬಂದು ರೀಡಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಈ ಸಲದ್ದು ಎಲ್ಲ ಹಾಳು ಕಣೆ. ಒಂದೂ ಮಾತಾಡಲ್ಲ. ಹಲಗೆ ಊದಿದ ಹಾಗಾಗುತ್ತೆ."

ಕಡ್ಡಿ ಒಂದನ್ನು ದೀಪಕ್ಕೆ ಹಿಡಿದು ನೋಡಿದಳು. ಇನ್ನೊಂದನ್ನು ಬೆರಳಲ್ಲಿ ಬಾಗಿಸಿದಳು. ಒಂದರಲ್ಲೂ ಕುಂದಿರಲಿಲ್ಲ. "ಊದು ನೋಡೋಣ," ಎಂದಳು.

ಅಕ್ಕ ಊದಿದಳು. ಸ್ವರದ ಜೊತೆಗೆ, ತುಟಿಯ ಎಡಮೂಲೆಯಿಂದ, ಕೆಟಲಿನ ಆವಿಯಂಥ ಸಣ್ಣ ಸದ್ದೊಂದು ಬಂತು. ಗಾಳಿ ಸೋರುತ್ತಿತ್ತು. ಅಪ್ಪನ ಕಾಲದಿಂದ ಆ ತುಟಿಯನ್ನು ನೋಡುತ್ತಿದ್ದ ತಂಗಿ ಅಲ್ಲಿ ಅಂಥ ಸದ್ದನ್ನು ಎಂದೂ ಕೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, "ರೀಡು ಸರಿಯಾಗಿದೆ, ನಿಮ್ಮ ಬಾಯಿ ಕೆಟ್ಟಿದೆ," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದಳು.

"ತಂಡಿಗೆ ಉಬ್ಬಿವೆ. ಬಿಟ್ಟು ಹೋಗು, ಸರಿಮಾಡ್ತೀನಿ," ಎಂದಳು.

ಅಕ್ಕ ಹೋದ ಮೇಲೆ ಅವಳು ರೀಡುಗಳನ್ನು ಉಜ್ಜಿದಳು. ಬರಿಯ ತೂಗಿಸುವುದಲ್ಲ, ನಡುಭಾಗದಿಂದ ತುದಿಯವರೆಗೆ ಹೊಟ್ಟು ಹಾರುವಂತೆ ಉಜ್ಜಿ, ಮೂರೂವರೆಯನ್ನು ಮೂರಕ್ಕೆ ಇಳಿಸಿದಳು. ನಂಬರು ಒತ್ತಿರುವುದು ರೀಡಿನ ದಪ್ಪ ಬುಡದಲ್ಲಿ, ಸಿಪ್ಪೆಯ ಮೇಲೆ. ಅಲ್ಲಿಗೆ ಉಜ್ಜುಕಾಗದ ತಾಗುವುದೇ ಇಲ್ಲ. ಆದ್ದರಿಂದ ಮೂರೂವರೆ ಎಂಬುದು ಮೂರೂವರೆಯಾಗಿಯೇ ಉಳಿಯಿತು.

ಸಂಚಾಲಕ ಕೇಳಿ ಮುಗಿಸುವವರೆಗೆ ಮಾತ್ರ, ಎಂದುಕೊಂಡಿದ್ದಳು. ಸಂಚಾಲಕ ಕೇಳಿದ. "ನಿಮ್ಮ ನಾದ ತುಂಬ ಮೃದು. ಇಷ್ಟು ಮೃದು ಅಂತ ಯಾರೂ ನನಗೆ ಹೇಳಿರಲಿಲ್ಲ," ಎಂದನಂತೆ. ಅಕ್ಕ ಕುಣಿಯುತ್ತ ಬಂದು ಇದನ್ನು ಹೇಳಿದಳು. ಮೊದಲ ಕುರ್ಚಿ ಉಳಿಯಿತು. ಆಮೇಲೆ ನಿಲ್ಲಿಸುವುದು ಹೇಗೆ? ಮೂರು ಕೂಡ ಗಟ್ಟಿಯಾಗತೊಡಗಿದಾಗ ಎರಡೂವರೆಗೆ, ಆಮೇಲೆ ಎರಡಕ್ಕೆ ಇಳಿಸಿದಳು. ಮೆತ್ತನೆಯ ರೀಡು ಮೇಲಿನ ಸ್ವರಗಳಲ್ಲಿ ಜೋತುಬಿದ್ದು ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕಾಗಿ, ಶುಚಿ ಮಾಡುವ ನೆಪದಲ್ಲಿ ಮೌತ್‌ಪೀಸನ್ನೂ ಇಸಿದುಕೊಂಡು, ಅದರ ಹಾಸನ್ನು ಓರೆಯಾಗಿ ತೇದು ತುದಿಯ ಸಂದನ್ನು ಕಿರಿದು ಮಾಡಿದಳು. ಕಿರಿದು ಸಂದಿಗೆ ಗಟ್ಟಿ ರೀಡು ಎಂಬ ಲೆಕ್ಕ ಬಲವಿದ್ದ ತುಟಿಗೆ, ಈ ತುಟಿಗೆ ಅದನ್ನು ಮುರಿಯಬೇಕಾಯಿತು. ಕಿರಿದು ಸಂದು, ತೆಳು ರೀಡು, ಸೋಲುತ್ತಿರುವ ತುಟಿ. ಮೂರನ್ನೂ ಎಳೆ ತಪ್ಪದಂತೆ ಹೊಂದಿಸಿದಳು. ಅವಳ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಹಿಂದೆಂದೂ ಆಗಿರಲಿಲ್ಲ. ಆ ಕೆಲಸದಲ್ಲಿ ಅವಳಿಗೆ ಒಂದು ಸುಖವೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಭಾನುವಾರ ಉದ್ಯಾನದಲ್ಲಿ ಜನರ ನಡುವೆ ಕೂತು ಅಕ್ಕನ ವಾದನ ಕೇಳುವಾಗ, ಆ ನಾದದಲ್ಲಿ ಬಹುಪಾಲು ಈಗ ತನ್ನದು ಎಂದು ಅವಳಿಗೆ ಅನ್ನಿಸುತ್ತಿತ್ತು.

ವಸಂತ ಬರುವ ಹೊತ್ತಿಗೆ ಅಕ್ಕನ ಎಡಗಣ್ಣಿನಲ್ಲಿ ಸುಮ್ಮನೆ ನೀರು ಬರತೊಡಗಿತು. ಕಿವಿಯ ಹಾಲೆಯ ಕೆಳಗೆ ಕಡಲೆಯಷ್ಟು ಗಂಟೊಂದು ಇತ್ತು. ಅವಳು ಕೂದಲನ್ನು ಆ ಕಡೆಗೆ ಬಾಚಿಕೊಂಡಳು. ಒಂದು ರಜೆಯ ದಿನ ಅಕ್ಕನ ಮನೆಯಲ್ಲಿ ಮೂವರೂ ಊಟಕ್ಕೆ ಕೂತಿದ್ದರು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಭಾವ ಮಾತಿಗೆ ಶುರುಮಾಡಿದ.

"ನಿಮ್ಮಕ್ಕನಿಗೆ ಸ್ವಲ್ಪ ಹೇಳಮ್ಮ. ಊಟ ಮಾಡೋವಾಗ ಕೆನ್ನೆ ಕಚ್ಕೊಳ್ತಾಳೆ. ನಕ್ಕರೆ ಅರ್ಧ ಬಾಯಿ ಮಾತ್ರ ನಗುತ್ತೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ ಕೇಳಲ್ಲ. ನನ್ನ ಮಾತು ಅಂದ್ರೆ ಇವಳಿಗೆ ಟಿಕೆಟ್ ಇಲ್ಲದ ಪ್ರಯಾಣಿಕ ಇದ್ದ ಹಾಗೆ, ಒಳಗೇ ಬಿಡಲ್ಲ."

"ಅರ್ಧ ನಗು ನಿಮ್ಮ ಜೋಕಿಗೆ ಜಾಸ್ತೀನೇ ಆಯ್ತು," ಎಂದಳು ಅಕ್ಕ.

"ತಮಾಷೆ ಅಲ್ಲ ಕಣೇ."

"ಅಲ್ಲರೀ, ನನ್ನ ಬಾಯಿ ನಂಗೆ ಗೊತ್ತಿಲ್ವಾ? ಮುಖಕ್ಕೆ ಏನಾದ್ರೂ ಆಗಿದ್ರೆ ಡಾಕ್ಟರಿಗಿಂತ ಮೊದಲು ರೀಡು ಹೇಳ್ತಿತ್ತು. ನಾನು ಇವತ್ತಿಗೂ ಮೂರೂವರೆ ಊದ್ತೀನಿ. ತುಟಿ ಸೋತವಳಿಗೆ ಮೂರೂವರೆ ಊದೋಕಾಗುತ್ತಾ? ಕೇಳಿ ಬೇಕಾದ್ರೆ ಇವಳನ್ನ."

ಭಾವ ನಾದಿನಿಯ ಕಡೆ ತಿರುಗಿದ. ಅಕ್ಕನೂ ತಿರುಗಿದಳು. ಆ ಮೇಜಿನ ಮೇಲೆ ಒಂದು ಮಾತು ಬೀಳಬೇಕಾಗಿತ್ತು, ಕಡ್ಡಿಗೆ ಅದು ಗೊತ್ತಿತ್ತು. ಈಗ ಹೇಳಿದರೆ ರೀಡಿನ ಜೊತೆಗೆ ಮೌತ್‌ಪೀಸಿನದೂ ಹೇಳಬೇಕು, ಸಂಚಾಲಕ ಮೆಚ್ಚಿದ್ದು ಯಾವುದನ್ನು ಎಂದೂ ಹೇಳಬೇಕು.

"ಉಪ್ಪು ಕೊಡಿ ಸ್ವಲ್ಪ," ಎಂದಳು.

ಭಾವ ಉಪ್ಪು ಕೊಟ್ಟ. ಮಾತು ಬೇರೆ ಕಡೆ ಹೋಯಿತು.

ಬೇಸಿಗೆಯಲ್ಲಿ ಒಂದು ದಿನ ಅಭ್ಯಾಸದ ನಡುವೆಯೇ ಅಕ್ಕ ಎದ್ದು ಬಂದಳು. ಕಿಟಕಿಯಲ್ಲಿ ಅವಳ ಕಾಲು ಓಡುತ್ತ ಬರುವುದು ಕಾಣಿಸಿತು. ಮೆಟ್ಟಿಲು ಇಳಿದವಳೇ ಒಂದು ರೀಡನ್ನು ಮೇಜಿನ ಮೇಲಿಟ್ಟಳು.

"ಇದರ ನಂಬರು ತಪ್ಪು ಒತ್ತಿದಾರೆ. ಅಳೆದು ನೋಡೆ."

"ಯಾರದಿದು?"

"ಪಕ್ಕದ ಕುರ್ಚಿಯವನದು. ನಂದು ಸೀಳಿತು, ಇಟ್ಕೊಂಡಿದ್ದ ಇನ್ನೊಂದರ ಅಂಚೂ ಮುರೀತು. ಇಸ್ಕೊಂಡೆ. ಮೂರು ಅಂತಿದೆ ನೋಡು. ಮೂರೂವರೆಯವಳಿಗೆ ಮೂರು ಅಂದ್ರೆ ಬೆಣ್ಣೆ ಇದ್ದ ಹಾಗಿರ್ಬೇಕು. ಬರೀ ಗಾಳಿ ಕಣೆ. ಇಡೀ ತಂಡದ ಮುಂದೆ ಬುಸ್ ಅಂತ ಗಾಳಿ. ಆ ಡೋಲಿನವನು ಟೈರು ಪಂಕ್ಚರಾ ಅಂತ ಬೇರೆ ಕೇಳ್ದ. ಅಳೆದು, ಇದು ನಾಲ್ಕೋ ಐದೋ ಇದೆ ಅಂತ ಹೇಳು, ಹೋಗಿ ಅವನ ಮುಖಕ್ಕೆ ಹಿಡೀತೀನಿ."

ಕಡ್ಡಿ ಅಳತೆಯ ಮುಳ್ಳಿನ ಕೆಳಗೆ ರೀಡನ್ನು ಇಟ್ಟಳು. ನೋಡುವ ಅಗತ್ಯವೇನೂ ಇರಲಿಲ್ಲ, ಬೆರಳಿಗೆ ಆಗಲೇ ತಿಳಿದಿತ್ತು. ಅದು ಸರಿಯಾದ ಮೂರು. ಹೌದು, ತಪ್ಪು ಒತ್ತಿದಾರೆ, ಎಂದರೆ ಇನ್ನೊಂದು ತಿಂಗಳು ಸಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಅಕ್ಕ ಕಿಟಕಿಯ ಬೆಳಕಿಗೆ ಬಂದು, ಸೋರುವ ಕಣ್ಣನ್ನು ಬೆರಳಿನ ಹಿಂಬದಿಯಿಂದ ಒರೆಸಿಕೊಂಡಳು. ರೆಪ್ಪೆ ಮುಚ್ಚಲು ಹೋಗಿ ಅರ್ಧದಲ್ಲೇ ನಿಂತಿತು.

"ಇದು ಸರಿಯಾಗೇ ಇದೆ ಅಕ್ಕ. ನಿನ್ನ ರೀಡುಗಳೇ ಸರಿಯಿಲ್ಲ."

"ಅಂದ್ರೆ?"

"ನಾನು ಉಜ್ಜಿದೀನಿ. ನಿನ್ನ ಪೆಟ್ಟಿಗೇಲಿರೋ ಮೂರೂವರೆ ಯಾವುದೂ ಎರಡಕ್ಕಿಂತ ಮೇಲಿಲ್ಲ. ಮೌತ್‌ಪೀಸೂ ಕಿರಿದು ಮಾಡಿದೀನಿ."

ಅಕ್ಕ ಕೂಗಾಡಲಿಲ್ಲ. ಒಡೆದ ತನ್ನ ರೀಡನ್ನು ಜೇಬಿನಿಂದ ತೆಗೆದು, ಎರಡನ್ನೂ ಒಟ್ಟಿಗೆ ದೀಪಕ್ಕೆ ಹಿಡಿದಳು. ಒಂದರ ನಡುವೆ ಕಪ್ಪಾದ ದಪ್ಪ ನೆರಳಿತ್ತು. ಇನ್ನೊಂದರಲ್ಲಿ ಬೆಳಕು ಎಣ್ಣೆಕಾಗದದಲ್ಲಿ ಹಾಯ್ದ ಹಾಗೆ ಹಾಯಿತು.

"ಯಾವಾಗಿಂದ?"

"ಸಂಚಾಲಕರು ಕೇಳೋಕೆ ಮುಂಚಿಂದ."

"ಅವತ್ತು ಊಟಕ್ಕೆ ಕೂತಾಗ ನೀನು ಅಲ್ಲೇ ಇದ್ದೆಯಲ್ಲ."

"ಇದ್ದೆ."

"ಉಪ್ಪು ಕೇಳಿದೆ."

"ಹೌದು."

ಅಕ್ಕ ಎರಡೂ ರೀಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಮೆಟ್ಟಿಲು ಹತ್ತಿ ಹೋದಳು.

ಮರುದಿನವೇ ಭಾವ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಕಡ್ಡಿಯೂ ಕರೆಯದೆ ಹೋದಳು, ಯಾರೂ ಬೇಡವೆನ್ನಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯ ವೈದ್ಯೆ ಕಾಗದದ ಮೇಲೆ ಮುಖದ ಚಿತ್ರ ಬರೆದು ತೋರಿಸಿದಳು. ಕಿವಿಯ ಮುಂದಿನ ಗ್ರಂಥಿಯಲ್ಲಿ ಗೆಡ್ಡೆ ಬೆಳೆದಿದೆ. ಮುಖವನ್ನು ಅಲ್ಲಾಡಿಸುವ ನರ ಆ ಗ್ರಂಥಿಯ ಒಳಗಿಂದಲೇ ಹಾದುಹೋಗುತ್ತದೆ. ಗೆಡ್ಡೆ ಅದನ್ನು ಸುತ್ತಿಕೊಂಡಿದೆ. ತೆಗೆದರೆ ಜೀವ ಉಳಿಯುತ್ತದೆ, ಆದರೆ ನರವನ್ನೂ ಕತ್ತರಿಸಬೇಕು. ಎಡಗಡೆಯ ಕಣ್ಣು, ಕೆನ್ನೆ, ತುಟಿ ಇನ್ನು ಮುಂದೆ ಹೇಳಿದ ಮಾತು ಕೇಳುವುದಿಲ್ಲ.

"ಮೊದಲೇ ಬಂದಿದ್ರೆ?" ಎಂದು ಕೇಳಿದವಳು ಕಡ್ಡಿ.

"ಚಳಿಗಾಲದಲ್ಲಿ ಬಂದಿದ್ರೆ ನರ ಉಳಿಸಬಹುದಿತ್ತೇನೋ. ಗೊತ್ತಿಲ್ಲ. ಆಗಲೇ ತಾಗಿತ್ತೋ ಏನೋ," ಎಂದಳು ವೈದ್ಯೆ. ಇಲ್ಲದ ಸಮಾಧಾನವನ್ನು ಅವಳು ಕೊಡಲಿಲ್ಲ, ಆರೋಪವನ್ನೂ ಮಾಡಲಿಲ್ಲ. ಆ 'ಏನೋ' ಕಡ್ಡಿಯ ಪಾಲಿಗೆ ಉಳಿಯಿತು. ಉಳಿಸಬಹುದಿತ್ತು ಎಂದಿದ್ದರೆ ತಪ್ಪನ್ನು ಪೂರ್ತಿ ಹೊತ್ತುಕೊಳ್ಳಬಹುದಿತ್ತು. ಆಗುತ್ತಲೇ ಇರಲಿಲ್ಲ ಎಂದಿದ್ದರೆ ಇಳಿಸಿಬಿಡಬಹುದಿತ್ತು. ಈಗ ಅದನ್ನು ಹೊರಲೂ ಬರುವುದಿಲ್ಲ, ಇಳಿಸಲೂ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅಕ್ಕ ಮೌತ್‌ಪೀಸನ್ನು ಅಂಗಡಿಗೆ ಕಳಿಸಿದಳು. ಭಾವ ತಂದುಕೊಟ್ಟ. "ಮೊದಲಿದ್ದ ಹಾಗೆ ಮಾಡಿ ಕೊಡಬೇಕಂತೆ. ಒಂದು ಸಲ ಊದಬೇಕಂತೆ," ಎಂದ. ಅವನ ಬಾಯಲ್ಲಿ ಜೋಕಿರಲಿಲ್ಲ.

ಕಡ್ಡಿ ತುದಿಯನ್ನು ತೇದು ಸಂದನ್ನು ಹಳೆಯ ಅಳತೆಗೆ ತಂದಳು. ಡಬ್ಬಿಯಿಂದ ಒಂದು ಮೂರೂವರೆ ತೆಗೆದು, ಉಜ್ಜದೆ, ಅದರ ಜೊತೆಗಿಟ್ಟಳು. ಅಕ್ಕ ಅದನ್ನು ಊದಿ ನೋಡಿದಳಂತೆ. ಸದ್ದು ಬಂತೇ ಎಂದು ತಂಗಿ ಕೇಳಲಿಲ್ಲ, ಭಾವನೂ ಹೇಳಲಿಲ್ಲ.

ಗಾಯ ಒಣಗಿ, ವಿಕಿರಣ ಚಿಕಿತ್ಸೆಯೂ ಮುಗಿಯಿತು. ಒಂದು ಬೆಳಿಗ್ಗೆ ಅಕ್ಕ ತಾನಾಗಿಯೇ ಮೆಟ್ಟಿಲು ಇಳಿದು ಬಂದಳು. ಅರ್ಧ ಮುಖ ಇಳಿಬಿದ್ದಿತ್ತು. ಎಡಗಣ್ಣಿನ ರೆಪ್ಪೆಯನ್ನು ಹೊರಮೂಲೆಯಲ್ಲಿ ಹೊಲಿದಿದ್ದರು. ಮಾತು ಬಾಯಿಯ ಬಲಗಡೆಯಿಂದ ಮಾತ್ರ ಬರುತ್ತಿತ್ತು, ಪ, ಬ, ಮ ಎಲ್ಲ ಒದ್ದೆಯಾಗಿ ಜಾರುತ್ತಿದ್ದವು. ಅವಳು ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. "ಮನೇಲಿ ಕೂತು ಏನು ಮಾಡ್ಲಿ," ಎಂದು ಒಳಗಿನ ಕುರ್ಚಿಯಲ್ಲಿ ಕೂತಳು. ಅಂದಿನಿಂದ ದಿನವೂ ಬಂದಳು. ಗಿರಾಕಿಗಳು ಊದುವುದನ್ನು ಕೇಳಿ, "ಸಂದು ಜಾಸ್ತಿ," "ರೀಡು ಗಟ್ಟಿ," ಎಂದು ಹೇಳುತ್ತಿದ್ದಳು. ಅವಳ ಕಿವಿಗೆ ಏನೂ ಆಗಿರಲಿಲ್ಲ. ತಂಗಿ ಅವಳ ಮಾತನ್ನು ಒಮ್ಮೆಯೂ ಮೀರಲಿಲ್ಲ. ಹೊರಗಿನವರಿಗೆ ಅಕ್ಕತಂಗಿಯರ ಹೊಂದಾಣಿಕೆ ಬಹಳ ಚೆನ್ನಾಗಿ ಕಾಣುತ್ತಿತ್ತು.

ಚಹಾ ಕುಡಿಯುವಾಗ ಮಾತ್ರ ಅಕ್ಕ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ತುಟಿಯ ಮೂಲೆಯಿಂದ ಸೋರುವುದನ್ನು ತಂಗಿ ನೋಡಬಾರದು. ಗಂಡನ ಎದುರಿಗೆ ಕರವಸ್ತ್ರ ಹಿಡಿದು ಕುಡಿಯುತ್ತಿದ್ದಳಂತೆ, ಬೀಗದವನ ಎದುರಿಗೂ ಕುಡಿದಿದ್ದಳು. ಗೋಡೆಗೆ ತಿರುಗುತ್ತಿದ್ದದ್ದು ತಂಗಿಯೊಬ್ಬಳಿಗಾಗಿ. ಆ ಹೊತ್ತಿನಲ್ಲಿ ಕಡ್ಡಿ ಕೆಲಸ ನಿಲ್ಲಿಸದೆ, ತಲೆ ಎತ್ತದೆ ಇರುತ್ತಿದ್ದಳು.

ಹಾಗೆ ಅಕ್ಕ ಗೋಡೆಗೆ ತಿರುಗಿ ಕೂತಿದ್ದಾಗ ಒಂದು ದಿನ ಅಂಚೆ ಕಚೇರಿಯ ಹೆಂಗಸೊಬ್ಬಳು ಮೌತ್‌ಪೀಸು ಆರಿಸಲು ಬಂದಳು. ವೃಂದದ ಹಿಂದಿನ ಸಾಲಿನಲ್ಲಿ ಹೊಸದಾಗಿ ಜಾಗ ಸಿಕ್ಕಿದವಳು. ಮೂರು ನಂಬರು ಕಟ್ಟಿ ಊದಿ, ದಮ್ಮು ಸಾಲದೆ ನಿಲ್ಲಿಸಿದಳು. ಗೋಡೆಯ ಕಡೆಯಿಂದ, "ಎರಡೂವರೆ ಕೊಡು ಅವಳಿಗೆ," ಎಂಬ ಒದ್ದೆ ದನಿ ಬಂತು.

"ಅವರು ಯಾರು?" ಎಂದು ಹೆಂಗಸು ಮೆಲ್ಲಗೆ ಕೇಳಿದಳು.

"ನಮ್ಮಕ್ಕ."

"ಅವರೂ ಊದ್ತಿದ್ರಾ? ಯಾವಾಗಿನವರೆಗೆ?"

ಅಕ್ಕ ತಿರುಗದೆ ಹೇಳಿದಳು: "ಅವಳನ್ನೇ ಕೇಳಮ್ಮ. ನಾನು ಯಾವಾಗಿನವರೆಗೆ ಊದಿದೆ ಅಂತ ನಂಗೆ ಗೊತ್ತಿಲ್ಲ. ಅವಳಿಗೆ ಗೊತ್ತು."

ಕಡ್ಡಿಯ ಕೈ ಗಾಜಿನ ಹಲಗೆಯ ಮೇಲೆ ನಿಂತಿತು. ಈ ಸಲ ಕೇಳಿಕೊಳ್ಳಲು ಉಪ್ಪು ಇರಲಿಲ್ಲ.

"ಹೋದ ಚಳಿಗಾಲದವರೆಗೆ," ಎಂದಳು. "ಮೂರೂವರೆ ಊದ್ತಿದ್ದಳು. ಆಮೇಲೆ ಅವಳ ತುಟಿ ಸೋಲ್ತಿತ್ತು. ಅದು ನಂಗೆ ಕಾಣಿಸ್ತು. ಅವಳಿಗೆ ಹೇಳ್ದೆ ರೀಡು ಉಜ್ಜಿ ಉಜ್ಜಿ ಕೊಟ್ಟೆ. ಕಾಯಿಲೆ ಅಂತ ಅವಳಿಗೆ ತಿಳೀಲಿಲ್ಲ. ತಿಳಿಯೋ ದಾರಿ ನಾನು ಮುಚ್ಚಿದ್ದೆ."

ಅಂಚೆ ಕಚೇರಿಯ ಹೆಂಗಸು ಕೈಯಲ್ಲಿದ್ದ ಮೌತ್‌ಪೀಸನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಡ್ಡಿ ಎರಡೂವರೆಯ ಡಬ್ಬಿ ತೆರೆದು ಒಂದನ್ನು ಅವಳಿಗೆ ಕೊಟ್ಟಳು. ಹಿಂದೆ ಬಟ್ಟಲು ತಟ್ಟೆಗೆ ತಾಗಿದ ಸದ್ದಾಯಿತು, ಮತ್ತೆ ಎತ್ತಿದ ಸದ್ದೂ ಆಯಿತು. ಅಕ್ಕ ಇನ್ನೂ ಕುಡಿಯುತ್ತಿದ್ದಳು. ಕುರ್ಚಿ ಗೋಡೆಯ ಕಡೆಗೇ ಇತ್ತು.